ಹುಟ್ಟಿನಿಂದ ಬಂದ ಶ್ವಾಸಕೋಶದ ದೋಷಗಳು: ಸ್ಕ್ಯಾನ್ ಮಾಡುವ ಮತ್ತು ಓದುವ ಕ್ರಮ

ಮಗುವಿನ ಎದೆಯ ಸಿಟಿಯಲ್ಲಿ ಎಡ ಕೆಳಹಾಲೆಯ ತಳದಲ್ಲಿ ಗುಳ್ಳೆಗುಳ್ಳೆಯಾದ ಜಾಗವೊಂದು ಕಾಣುತ್ತಿದೆ ಎಂದಿಟ್ಟುಕೊಳ್ಳಿ. ‘ಸಿಪ್ಯಾಮ್’ (ಶ್ವಾಸಕೋಶದ ಭಾಗವೊಂದು ಗರ್ಭದಲ್ಲೇ ತಪ್ಪಾಗಿ ಬೆಳೆದು ಗುಳ್ಳೆಗಳಾಗುವ ದೋಷ) ಎಂದು ಬರೆದು ಮುಂದಿನ ಕೇಸಿಗೆ ಹೋಗಿಬಿಡೋಣ ಎಂದು ಯಾರಿಗೂ ಅನಿಸುತ್ತದೆ. ಆದರೆ ಆ ಗುಳ್ಳೆಗಳಿಗೆ ಮಹಾಪಧಮನಿಯಿಂದಲೇ ನೇರವಾಗಿ ಹೊರಟ 3 ಮಿ.ಮೀ. ದಪ್ಪದ ನಾಳವೊಂದು ರಕ್ತ ಉಣಿಸುತ್ತಿರಬಹುದು. ವರದಿಯಲ್ಲಿ ಅದು ಬಿಟ್ಟುಹೋದರೆ ಸರ್ಜನ್‌ಗೆ ಅದರ ಪರಿಚಯವಾಗುವುದು ಆಪರೇಷನ್ ಟೇಬಲ್ಲಿನ ಮೇಲೆ. ತುಂಡಾದ ನಾಳದ ತುದಿ ವಪೆಯ ಕೆಳಗೆ ಜಾರಿಕೊಂಡರೆ ಹೊಟ್ಟೆಯೊಳಗೆ ರಕ್ತ ಸುರಿಯುತ್ತಿರುತ್ತದೆ, ಎದೆಯ ಕಡೆಯಿಂದ ಹಿಡಿಯಲು ಅದು ಸಿಗುವುದೇ ಇಲ್ಲ.

ಹಾಗಾಗಿ ಈ ಮಾರ್ಗದರ್ಶಿಯ ಕ್ರಮದಲ್ಲಿ ಕಾಯಿಲೆಯ ಹೆಸರು ಕೊನೆಗೆ ಬರುತ್ತದೆ. ಮೊದಲು ಕೇಳಬೇಕಾದವು ನಾಲ್ಕು ಪ್ರಶ್ನೆಗಳು: ಈ ಭಾಗಕ್ಕೆ ಗಾಳಿ ಯಾವ ನಾಳದಿಂದ ಬರುತ್ತಿದೆ, ರಕ್ತ ಎಲ್ಲಿಂದ ಬರುತ್ತಿದೆ, ಆ ರಕ್ತ ಎಲ್ಲಿಗೆ ಹೋಗುತ್ತಿದೆ, ಒಳಗಿನ ಅಂಗಾಂಶ ಹೇಗಿದೆ. ಒಂದೇ ಮಗುವಿನಲ್ಲಿ ಸಿಪ್ಯಾಮ್‌ನ ಗುಳ್ಳೆಯೂ ಸೀಕ್ವೆಸ್ಟ್ರೇಶನ್‌ನ (ಶ್ವಾಸನಾಳದ ಸಂಪರ್ಕ ತಪ್ಪಿ, ಮಹಾಪಧಮನಿಯ ಕಡೆಯಿಂದ ರಕ್ತ ಪಡೆಯುವ ಶ್ವಾಸಕೋಶದ ತುಂಡು) ರಕ್ತನಾಳವೂ ಕೂಡಿರುವುದು ಅಪರೂಪವಲ್ಲ. ಇಂಥವಕ್ಕೆ ಹೈಬ್ರಿಡ್ ಎನ್ನುತ್ತಾರೆ. ಹೆಸರಿನಿಂದ ಶುರುಮಾಡಿದವರು ಅರ್ಧ ಕಂಡೊಡನೆ ಹುಡುಕುವುದನ್ನು ನಿಲ್ಲಿಸಿಬಿಡುತ್ತಾರೆ.

ಗರ್ಭದಲ್ಲಿರುವಾಗ

ಹೆಚ್ಚಿನ ದೋಷಗಳು ಮೊದಲು ಕಣ್ಣಿಗೆ ಬೀಳುವುದು 18ರಿಂದ 22 ವಾರದ ಅಲ್ಟ್ರಾಸೌಂಡ್‌ನಲ್ಲಿ. ಹೃದಯದ ನಾಲ್ಕು ಕೋಣೆಗಳು ಕಾಣುವ ಅಡ್ಡ ನೋಟದಲ್ಲಿ ನಿಂತು ಎರಡೂ ಶ್ವಾಸಕೋಶಗಳ ಬಿಳುಪನ್ನು ಹೋಲಿಸಿ. ಒಂದು ಕಡೆ ಹೆಚ್ಚು ಬೆಳ್ಳಗಿದ್ದರೆ, ಅಥವಾ ಹೃದಯ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿದಿದ್ದರೆ, ಅಲ್ಲಿ ಏನೋ ಇದೆ. ಎಷ್ಟೋ ಸಲ ಗಂಟಿಗಿಂತ ಮೊದಲು ಸರಿದ ಹೃದಯವೇ ಸುಳಿವು ಕೊಡುತ್ತದೆ.

ಮುಂದಿನ ಹೆಜ್ಜೆ ಕಲರ್ ಡಾಪ್ಲರ್. ವೇಗದ ಮಾಪಕವನ್ನು ಇಳಿಸಿ, ಉದ್ದ ನೋಟದಲ್ಲಿ ಮಹಾಪಧಮನಿಯನ್ನು ಹಿಡಿದು ಮೇಲಿನಿಂದ ವಪೆಯ ಕೆಳಗಿನವರೆಗೆ ನಿಧಾನವಾಗಿ ಸಾಗಿ. ಪಕ್ಕಕ್ಕೆ ಕವಲೊಡೆದು ಬಿಳಿ ಭಾಗದೊಳಗೆ ಹೋಗುವ ನಾಳ ಸಿಕ್ಕರೆ ಅದು ಸೀಕ್ವೆಸ್ಟ್ರೇಶನ್ ಅಥವಾ ಹೈಬ್ರಿಡ್. ಸಿಗದಿದ್ದರೆ ‘ಕಾಣಲಿಲ್ಲ’ ಎಂದು ಬರೆಯಿರಿ, ‘ಇಲ್ಲ’ ಎಂದು ಬರೆಯಬೇಡಿ.

ಗಾತ್ರವನ್ನು ಸಿವಿಆರ್, ಅಂದರೆ ತಲೆಯ ಸುತ್ತಳತೆಗೆ ಹೋಲಿಸಿದ ಗಂಟಿನ ಗಾತ್ರದ ಲೆಕ್ಕದಲ್ಲಿ ಹೇಳುವುದು ರೂಢಿ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂ.ಮೀ.ನಲ್ಲಿ ಗುಣಿಸಿ, 0.52ರಿಂದ ಗುಣಿಸಿ, ತಲೆಯ ಸುತ್ತಳತೆಯಿಂದ ಭಾಗಿಸಬೇಕು. ಗಂಟು 5 × 4.5 × 4 ಸೆಂ.ಮೀ. ಇದ್ದು ತಲೆಯ ಸುತ್ತಳತೆ 26 ಸೆಂ.ಮೀ. ಎಂದಾದರೆ: 90 × 0.52 = 46.8, ಅದನ್ನು 26ರಿಂದ ಭಾಗಿಸಿದರೆ 1.8. ಇದು 1.6 ಮೀರಿದರೆ ಭ್ರೂಣಕ್ಕೆ ಹೈಡ್ರಾಪ್ಸ್, ಅಂದರೆ ಮೈಯೆಲ್ಲ ನೀರು ತುಂಬುವ ಸ್ಥಿತಿ, ಬರುವ ಅಪಾಯ ಹೆಚ್ಚು. ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲವಾದರೂ ನೋಡಬೇಕಾಗುತ್ತದೆ. ಗಂಟು ಸಾಮಾನ್ಯವಾಗಿ 25ರಿಂದ 28 ವಾರದವರೆಗೆ ಬೆಳೆದು ಆಮೇಲೆ ನಿಲ್ಲುತ್ತದೆ. ಒಂದೇ ದೊಡ್ಡ ಗುಳ್ಳೆ ಇರುವ ಗಂಟಿಗೆ ಮಾತ್ರ ಈ ಅಂಕಿಯನ್ನು ಪೂರ್ತಿ ನಂಬಬೇಡಿ, ಗುಳ್ಳೆ ದಿಢೀರನೆ ತುಂಬಿಕೊಳ್ಳಬಲ್ಲದು. ದೊಡ್ಡ ಗುಳ್ಳೆಯದೋ, ಸಣ್ಣ ಗುಳ್ಳೆಗಳದೋ ಎಂಬುದನ್ನು ತಪ್ಪದೆ ಬರೆಯಿರಿ. ಚಿಕಿತ್ಸೆಯ ದಾರಿ ಅಲ್ಲೇ ಕವಲೊಡೆಯುತ್ತದೆ: ದೊಡ್ಡ ಗುಳ್ಳೆಯಾದರೆ ನೀರು ಹೊರಹರಿಸುವ ಶಂಟ್, ಸಣ್ಣ ಗುಳ್ಳೆಗಳ ಗಟ್ಟಿ ಗಂಟಾದರೆ ತಾಯಿಗೆ ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್.

ಗರ್ಭದ ಕೊನೆಯ ತಿಂಗಳುಗಳಲ್ಲಿ ಒಂದು ಭ್ರಮೆ ಕಾದಿರುತ್ತದೆ. ಸುತ್ತಲಿನ ಆರೋಗ್ಯವಂತ ಶ್ವಾಸಕೋಶವೂ ಬೆಳೆಯುತ್ತ ಬೆಳ್ಳಗಾಗುವುದರಿಂದ ಗಂಟು ಅದರಲ್ಲಿ ಬೆರೆತು ‘ಮಾಯವಾಗುತ್ತದೆ’. ತಂದೆತಾಯಿಗೆ ಶುಭಸುದ್ದಿ ಹೇಳುವ ಮೊದಲು ಇದು ನೆನಪಿರಲಿ: ಹೀಗೆ ಮಾಯವಾದವುಗಳಲ್ಲಿ ಬಹುಪಾಲು ಹುಟ್ಟಿದ ಮೇಲೆ ಸಿಟಿಯಲ್ಲಿ ಮತ್ತೆ ಕಾಣುತ್ತವೆ.

ಭ್ರೂಣದ ಎಂಆರ್‌ಐ ಬೇಕೆನಿಸುವುದು ಮುಖ್ಯವಾಗಿ ವಪೆಯ ಹರ್ನಿಯಾದ ಅನುಮಾನ ಬಂದಾಗ. ಎದೆಗೆ ಏರಿದ ಕರುಳಿನಲ್ಲಿರುವ ಮೆಕೋನಿಯಂ (ಭ್ರೂಣದ ಮೊದಲ ಮಲ) ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಸಿಪ್ಯಾಮ್‌ನ ಗುಳ್ಳೆ ಹಾಗೆ ಹೊಳೆಯುವುದಿಲ್ಲ. ಗ್ಯಾಡೊಲಿನಿಯಂ (ಎಂಆರ್‌ಐ ಚಿತ್ರ ಬೆಳಗಲು ಕೊಡುವ ದ್ರವ) ಕೊಡುವುದಿಲ್ಲ.

ಹುಟ್ಟಿದ ದಿನದ ಎಕ್ಸ್-ರೇ

ಮಗುವಿಗೆ ಉಸಿರಿನ ಕಷ್ಟ ಇರಲಿ ಬಿಡಲಿ, ಗರ್ಭದಲ್ಲಿ ದೋಷ ಕಂಡಿದ್ದರೆ ಮೊದಲ ಒಂದೆರಡು ದಿನದಲ್ಲಿ ಒಂದು ಎಕ್ಸ್-ರೇ ಬೇಕು. ಮಗು ಸ್ವಲ್ಪ ತಿರುಗಿ ಮಲಗಿದ್ದರೂ ಒಂದು ಕಡೆ ಕಪ್ಪಾಗಿ ಕಾಣುತ್ತದೆ, ಆದ್ದರಿಂದ ಎರಡೂ ಕಡೆಯ ಪಕ್ಕೆಲುಬುಗಳ ಮುಂತುದಿಗಳು ಬೆನ್ನುಮೂಳೆಯಿಂದ ಸಮದೂರದಲ್ಲಿವೆಯೇ ಎಂದು ಮೊದಲು ನೋಡಿ. ಚರ್ಮದ ಮಡಿಕೆ ನ್ಯೂಮೋಥೊರಾಕ್ಸ್‌ನ (ಶ್ವಾಸಕೋಶದ ಹೊರಗೆ ಎದೆಯಲ್ಲಿ ಗಾಳಿ ಸೇರುವುದು) ಗೆರೆಯಂತೆ ಕಾಣಬಹುದು. ಆ ಗೆರೆ ಎದೆಗೂಡಿನ ಹೊರಗೂ ಮುಂದುವರಿದಿದ್ದರೆ ಅದು ಚರ್ಮವೇ.

ಚಿತ್ರ ಸರಿಯಾಗಿದೆ ಎಂದಾದರೆ ದೋಷ ಇಲ್ಲ ಎಂದಲ್ಲ. ಸಣ್ಣ ಸಿಪ್ಯಾಮ್, ಹೃದಯದ ನೆರಳಿನಲ್ಲಿ ಅಡಗಿದ ಸೀಕ್ವೆಸ್ಟ್ರೇಶನ್ ಎರಡೂ ಎಕ್ಸ್-ರೇಯ ಕಣ್ಣು ತಪ್ಪಿಸುತ್ತವೆ.

ಜನ್ಮಜಾತ ಲೋಬಾರ್ ಎಂಫಿಸೀಮಾ ಇಲ್ಲಿ ಎರಡು ಸಲ ಮೋಸ ಮಾಡುತ್ತದೆ. ಇದು ಎಡ ಮೇಲ್ಹಾಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು, ಆಮೇಲೆ ಬಲ ನಡುಹಾಲೆಯಲ್ಲಿ. ಹುಟ್ಟಿದ ಕೂಡಲೇ ಆ ಹಾಲೆಯೊಳಗೆ ಭ್ರೂಣದ ನೀರು ಸಿಕ್ಕಿಕೊಂಡಿರುವುದರಿಂದ ಅದು ಬೆಳ್ಳಗೆ, ಗಂಟಿನಂತೆ ಕಾಣುತ್ತದೆ. ಕೆಲವು ದಿನಗಳಲ್ಲಿ ನೀರು ಇಂಗಿ, ಒಳಗೆ ಬಂದ ಗಾಳಿ ಹೊರಹೋಗಲಾರದೆ ಹಾಲೆ ಉಬ್ಬಿ ಕಪ್ಪಾಗುತ್ತದೆ, ಹೃದಯವನ್ನು ಆಚೆಗೆ ತಳ್ಳುತ್ತದೆ. ಆಗ ಬರುವ ಎರಡನೇ ಮೋಸ ಇನ್ನೂ ಕೆಟ್ಟದ್ದು: ಅದನ್ನು ಟೆನ್ಷನ್ ನ್ಯೂಮೋಥೊರಾಕ್ಸ್ ಎಂದು ತಿಳಿದು ಟ್ಯೂಬ್ ಹಾಕಲು ಹೊರಡುವುದು. ಚಿತ್ರವನ್ನು ದೊಡ್ಡದು ಮಾಡಿ ಕಪ್ಪು ಜಾಗದೊಳಗೆ ನೋಡಿ. ಕೂದಲೆಳೆಯಷ್ಟು ತೆಳುವಾದ ರಕ್ತನಾಳದ ಗೆರೆಗಳು ಅಂಚಿನ ತನಕ ಹೋಗಿದ್ದರೆ ಅದು ಉಬ್ಬಿದ ಶ್ವಾಸಕೋಶ. ಕುಗ್ಗಿದ ಹಾಲೆ ಎಲ್ಲಿದೆ ಎಂಬುದೂ ಹೇಳುತ್ತದೆ. ನ್ಯೂಮೋಥೊರಾಕ್ಸ್‌ನಲ್ಲಿ ಶ್ವಾಸಕೋಶ ಮಧ್ಯದ ಬೇರಿನ ಕಡೆಗೆ ಮುದುಡಿಕೊಳ್ಳುತ್ತದೆ, ಎಂಫಿಸೀಮಾದಲ್ಲಿ ಪಕ್ಕದ ಹಾಲೆ ಮೇಲಕ್ಕೋ ಕೆಳಕ್ಕೋ ಒತ್ತಲ್ಪಟ್ಟಿರುತ್ತದೆ.

ಗುಳ್ಳೆಗಳು ಎಡಗಡೆ ಕೆಳಗಿದ್ದರೆ ಹೊಟ್ಟೆಯನ್ನೂ ನೋಡಿ. ಹೊಟ್ಟೆಯಲ್ಲಿ ಕರುಳಿನ ಗಾಳಿ ತೀರ ಕಡಿಮೆಯಿದ್ದು, ಮೂಗಿನಿಂದ ಇಳಿಸಿದ ಟ್ಯೂಬಿನ ತುದಿ ಎದೆಯಲ್ಲಿ ಸುತ್ತಿಕೊಂಡಿದ್ದರೆ ಅದು ವಪೆಯ ಹರ್ನಿಯಾ.

ಸಿಟಿ ಯಾವಾಗ

ಉಸಿರಿನ ಕಷ್ಟ ಇರುವ ಮಗುವಿಗೆ, ಸ್ಥಿತಿ ಹತೋಟಿಗೆ ಬಂದ ಕೂಡಲೇ. ಆರಾಮಾಗಿರುವ ಮಗುವಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳ ನಡುವೆ ಒಂದೇ ಸಲ. ಹುಟ್ಟಿದ ವಾರವೇ ಮಾಡಿದರೆ ಸಿಕ್ಕಿಕೊಂಡ ನೀರು ಚಿತ್ರ ಕೆಡಿಸುತ್ತದೆ, ರಕ್ತನಾಳಗಳೂ ಇನ್ನೂ ಸಣ್ಣವು. ತೀರ ತಡಮಾಡಿದರೆ ಸೋಂಕು ತಗಲಿ ಗುಳ್ಳೆಗಳ ಗೋಡೆ ದಪ್ಪವಾಗಿ, ಕೀವು ತುಂಬಿ, ಮೂಲ ರೂಪವೇ ಮರೆಯಾಗುತ್ತದೆ. ನ್ಯುಮೋನಿಯಾ ಬಂದುಹೋದ ಮಗುವಾದರೆ, ಅವಸರ ಇಲ್ಲದಿದ್ದಲ್ಲಿ 4ರಿಂದ 6 ವಾರ ಕಾದು ಮಾಡಿ.

ಅದಕ್ಕೂ ಮೊದಲು ಒಂದು ಅಲ್ಟ್ರಾಸೌಂಡ್ ಮಾಡಿ ನೋಡುವುದರಲ್ಲಿ ನಷ್ಟವೇನಿಲ್ಲ. 9ರಿಂದ 15 ಮೆಗಾಹರ್ಟ್ಸ್‌ನ ಲೀನಿಯರ್ ಪ್ರೋಬನ್ನು ಪಕ್ಕೆಲುಬುಗಳ ನಡುವೆ, ಎಡಗಡೆಯಾದರೆ ಗುಲ್ಮದ ಮೂಲಕ ಇಟ್ಟು ನೋಡಿದರೆ ಗಟ್ಟಿ ಸೀಕ್ವೆಸ್ಟ್ರೇಶನ್ ಚೆನ್ನಾಗಿ ಕಾಣುತ್ತದೆ, ಎಷ್ಟೋ ಸಲ ಅದರ ನಾಳವೂ ಸಿಗುತ್ತದೆ. ಗಾಳಿ ತುಂಬಿದ ಗುಳ್ಳೆಗೆ ಮಾತ್ರ ಇದು ಉಪಯೋಗವಿಲ್ಲ.

ಮಗುವನ್ನು ಸಿದ್ಧಮಾಡುವುದು

ಸುಮಾರು 6 ತಿಂಗಳೊಳಗಿನ ಹೆಚ್ಚಿನ ಮಕ್ಕಳಿಗೆ ಮತ್ತುಬರಿಸುವ ಔಷಧ ಬೇಕಿಲ್ಲ, ಹಾಲು ಕುಡಿಸಿ ಸುತ್ತಿದರೆ ಸಾಕು. ಇದರಲ್ಲಿ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ.

1. ಸ್ಕ್ಯಾನಿಗೆ 3–4 ಗಂಟೆ ಮೊದಲಿನಿಂದ ಹಾಲು ಕೊಡಬೇಡಿ, ನಿದ್ದೆಯೂ ಮಾಡಿಸಬೇಡಿ. ಹಸಿವು, ನಿದ್ದೆ ಎರಡೂ ಕೂಡಿಬರಬೇಕು.

2. ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ತೆಳು ಕೊಳವೆ) ಮೊದಲು, ಹಾಲು ಆಮೇಲೆ. ಹಾಲು ಕುಡಿದು ಮಲಗಿದ ಮಗುವಿಗೆ ಸೂಜಿ ಚುಚ್ಚಿದರೆ ಎಲ್ಲ ಮೊದಲಿಂದ ಶುರು. ಬಲಗೈ ಆದರೆ ಒಳ್ಳೆಯದು. ಎಡಗೈಯಿಂದ ಹೋದ ದಟ್ಟ ಕಾಂಟ್ರಾಸ್ಟ್ (ರಕ್ತನಾಳಗಳು ಬೆಳಗಿ ಕಾಣಲು ಕೊಡುವ ದ್ರವ) ಎದೆಯ ಮುಂಭಾಗದಲ್ಲಿ ಅಡ್ಡ ಹಾದು ಗೆರೆಗಳನ್ನು ಎಬ್ಬಿಸುತ್ತದೆ.

3. ಲೋಹದ ಗುಂಡಿಯಿರುವ ಅಂಗಿ, ತಾಯತ, ಇಸಿಜಿ ತಂತಿ ಎಲ್ಲವನ್ನೂ ಎದೆಯ ಮೇಲಿನಿಂದ ತೆಗೆಯಿರಿ.

4. ಸ್ಕ್ಯಾನರ್ ಖಾಲಿಯಾಗುವ ಅರ್ಧ ಗಂಟೆ ಮೊದಲು ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ದೀಪ ಮಂಕುಮಾಡಿ. ಕ್ಯಾನುಲಾದ ಜಾಗ ಮಾತ್ರ ಹೊರಗೆ ಕಾಣುತ್ತಿರಲಿ.

5. ಮಗುವನ್ನು ಗ್ಯಾಂಟ್ರಿಯ (ಸಿಟಿ ಯಂತ್ರದ ಬಳೆಯ) ನಟ್ಟನಡುವೆ ಇಡಿ. ಟೇಬಲ್ ಒಂದೆರಡು ಸೆಂ.ಮೀ. ಮೇಲೆ ಕೆಳಗಾದರೂ ಯಂತ್ರ ಮಗುವಿನ ಗಾತ್ರವನ್ನು ತಪ್ಪಾಗಿ ಅಂದಾಜಿಸಿ ಡೋಸ್ ಏರಿಸುತ್ತದೆ ಅಥವಾ ಚಿತ್ರವನ್ನು ಮರಳುಮರಳಾಗಿಸುತ್ತದೆ.

ಅರಿವಳಿಕೆ ಕೊಡಲೇಬೇಕಾದರೆ ಕೆಲವೇ ನಿಮಿಷಗಳಲ್ಲಿ ಬೆನ್ನಿನ ಕಡೆಯ ಶ್ವಾಸಕೋಶ ಕುಸಿದು ಬೆಳ್ಳಗಾಗುತ್ತದೆ. ಸೀಕ್ವೆಸ್ಟ್ರೇಶನ್ ಇರುವುದೂ ಹೆಚ್ಚಾಗಿ ಅಲ್ಲೇ. ಅರಿವಳಿಕೆ ತಜ್ಞರು ಸ್ಕ್ಯಾನಿಗೆ ಮುಂಚೆ ಶ್ವಾಸಕೋಶವನ್ನು ಉಬ್ಬಿಸಿ ಹಿಡಿದರೆ ಇದು ತಪ್ಪುತ್ತದೆ. ಲೋಬಾರ್ ಎಂಫಿಸೀಮಾದ ಅನುಮಾನವಿದ್ದರೆ ಅವರಿಗೆ ಮೊದಲೇ ತಿಳಿಸಿ, ಏಕೆಂದರೆ ಒತ್ತಡದ ಗಾಳಿ ಉಬ್ಬಿದ ಹಾಲೆಯನ್ನೇ ಮತ್ತಷ್ಟು ಉಬ್ಬಿಸುತ್ತದೆ.

ಕಾಂಟ್ರಾಸ್ಟ್: 8 ಮಿ.ಲೀ.ನ ಲೆಕ್ಕ

ಕಾಂಟ್ರಾಸ್ಟ್ ಇಲ್ಲದ ಸಿಟಿ ಈ ಕೆಲಸಕ್ಕೆ ಸಾಲದು. ಅಯೋಡಿನ್ 300 ಮಿ.ಗ್ರಾಂ./ಮಿ.ಲೀ. ಇರುವ ನಾನ್-ಅಯಾನಿಕ್ ದ್ರವ, ಕೆಜಿಗೆ 1.5ರಿಂದ 2 ಮಿ.ಲೀ. ಅಂದರೆ 4 ಕೆಜಿಯ ಮಗುವಿಗೆ ಹೆಚ್ಚೆಂದರೆ 8 ಮಿ.ಲೀ. ದೊಡ್ಡವರ ಸಿಟಿ ಮಾಡಿ ಅಭ್ಯಾಸವಾದ ಕೈಗೆ ಇದು ಏನೂ ಅಲ್ಲ ಅನಿಸುತ್ತದೆ, ತಪ್ಪಾಗುವುದೂ ಇಲ್ಲೇ. ಸಿರಿಂಜಿನಿಂದ ಕ್ಯಾನುಲಾದವರೆಗಿನ ಟ್ಯೂಬ್ 2 ಮಿ.ಲೀ. ಹಿಡಿಯುವಂಥದ್ದಾದರೆ, ಹಿಂದಿನಿಂದ ಸಲೈನ್ ತಳ್ಳದೆ ನಿಲ್ಲಿಸಿದಾಗ ಕಾಲು ಭಾಗ ಕಾಂಟ್ರಾಸ್ಟ್ ಟ್ಯೂಬಿನಲ್ಲೇ ಉಳಿಯುತ್ತದೆ. ಆಗ ಮಹಾಪಧಮನಿ ಮಂಕು, ಅದರ ಕವಲು ಇನ್ನೂ ಮಂಕು, ವರದಿಯಲ್ಲಿ ‘ನಾಳ ಕಂಡುಬರಲಿಲ್ಲ’. ಚಿಕ್ಕ ಟ್ಯೂಬ್ ಬಳಸಿ, ಬೆನ್ನಹಿಂದೆಯೇ 5ರಿಂದ 8 ಮಿ.ಲೀ. ಸಲೈನ್ ತಳ್ಳಿ. ಗಾಳಿಗುಳ್ಳೆ ಒಂದೂ ಇರಬಾರದು. ಹೃದಯದಲ್ಲೋ ಶ್ವಾಸಕೋಶದಲ್ಲೋ ಅಡ್ಡದಾರಿ ಇರುವ ಮಗುವಾದರೆ ಅದು ನೇರ ಮಿದುಳಿಗೆ ಹೋಗಬಲ್ಲದು.

24 ಗೇಜ್ ಕ್ಯಾನುಲಾದಲ್ಲಿ ಸೆಕೆಂಡಿಗೆ 1ರಿಂದ 1.5 ಮಿ.ಲೀ. ವೇಗ ಸಾಕು. ಹಂತ ಒಂದೇ, ಕಾಂಟ್ರಾಸ್ಟ್‌ಗೆ ಮೊದಲೊಂದು, ಆಮೇಲೊಂದು ಎಂದು ತೆಗೆಯುವ ಅಭ್ಯಾಸ ಮಕ್ಕಳ ಎದೆಗೆ ಬೇಡ. ಇಳಿಯುವ ಮಹಾಪಧಮನಿಯ ಮೇಲೆ ಕಣ್ಣಿಟ್ಟು, ಅದು ಬೆಳಗಿದ ಕೂಡಲೇ ಕೈಯಾರೆ ಶುರುಮಾಡಿ. ಆ ಹೊತ್ತಿಗೆ ಶ್ವಾಸಕೋಶದ ಅಪಧಮನಿ, ಅಭಿಧಮನಿ, ಮಹಾಪಧಮನಿ ಮೂರೂ ತುಂಬಿರುತ್ತವೆ. ಕಾಲಿನ ನಾಳದಿಂದ ಕೊಟ್ಟಿದ್ದರೆ ಕಾಂಟ್ರಾಸ್ಟ್ ತುಸು ತಡವಾಗಿ ಬರುತ್ತದೆ.

ಯಂತ್ರದ ಸೆಟ್ಟಿಂಗ್: 70 ಅಥವಾ 80 ಕೆವಿ (ಎಕ್ಸ್-ರೇ ಟ್ಯೂಬಿನ ವೋಲ್ಟೇಜ್). ಕಡಿಮೆ ಕೆವಿಯಲ್ಲಿ ಅಯೋಡಿನ್ ಹೆಚ್ಚು ಬೆಳಗುತ್ತದೆ, ಡೋಸೂ ಉಳಿಯುತ್ತದೆ. ಟ್ಯೂಬ್ ತಿರುಗುವ ವೇಗ ಯಂತ್ರ ಕೊಡುವ ಗರಿಷ್ಠ, ಪಿಚ್ (ಟ್ಯೂಬಿನ ಪ್ರತಿ ಸುತ್ತಿಗೆ ಟೇಬಲ್ ಸಾಗುವ ಪ್ರಮಾಣ) ಹೆಚ್ಚು. ವ್ಯಾಪ್ತಿ ಕತ್ತಿನ ಬುಡದಿಂದ ಶುರುವಾಗಿ ಸೀಲಿಯಾಕ್ ಅಪಧಮನಿ (ಹೊಟ್ಟೆಯ ಮಹಾಪಧಮನಿಯ ಮೇಲ್ತುದಿಯ ದೊಡ್ಡ ಕವಲು) ಹೊರಡುವ ಜಾಗವನ್ನು ದಾಟಿರಬೇಕು. ‘ಎದೆ’ ಎಂದು ವಪೆಯ ಹತ್ತಿರ ನಿಲ್ಲಿಸಿದರೆ ಹೊಟ್ಟೆಯ ಮಹಾಪಧಮನಿಯಿಂದ ಮೇಲಕ್ಕೆ ಹೊರಟ ನಾಳ ಚಿತ್ರದಾಚೆ ಉಳಿದುಹೋಗುತ್ತದೆ, ಮಗುವಿಗೆ ಇನ್ನೊಂದು ಸಿಟಿ ಗಂಟುಬೀಳುತ್ತದೆ. ಡೋಸ್ ಅಂಕಿ ಬರೆಯುವಾಗ ಯಂತ್ರ ಯಾವ ಫ್ಯಾಂಟಮ್ (ದೇಹದ ಬದಲು ಡೋಸ್ ಅಳೆಯುವ ಪ್ಲಾಸ್ಟಿಕ್ ಸಿಲಿಂಡರ್) ಲೆಕ್ಕ ಹಿಡಿದಿದೆ ನೋಡಿ. ಒಂದೇ ಸ್ಕ್ಯಾನಿಗೆ 32 ಸೆಂ.ಮೀ. ಫ್ಯಾಂಟಮ್ ತೋರಿಸುವ ಅಂಕಿ 16 ಸೆಂ.ಮೀ.ನದರ ಸುಮಾರು ಅರ್ಧ. ಎರಡು ಯಂತ್ರಗಳ ಅಂಕಿಯನ್ನು ಇದನ್ನು ನೋಡದೆ ಹೋಲಿಸಿ ಬೀಗುವವರಿದ್ದಾರೆ.

ಓದುವ ಕ್ರಮ

1 ಮಿ.ಮೀ. ಅಥವಾ ಅದಕ್ಕಿಂತ ತೆಳು ಪದರಗಳನ್ನು ಒಂದರ ಮೇಲೊಂದು ಅರ್ಧ ಹೊದ್ದಂತೆ ಮಾಡಿಸಿಕೊಳ್ಳಿ. ಮೊದಲು ಶ್ವಾಸನಾಳ: ಕವಲಿನಿಂದ ಪ್ರತಿ ಹಾಲೆಯ ನಾಳದವರೆಗೆ, ಆದಷ್ಟೂ ಅದರಾಚೆಗೆ ಹಿಂಬಾಲಿಸಿ. ಎಲ್ಲಾದರೂ ನಾಳ ಮುಚ್ಚಿಹೋಗಿ, ಅದರಾಚೆ ಲೋಳೆ ತುಂಬಿದ ಕವಲುಗಂಟು, ಸುತ್ತ ಕಪ್ಪಾದ ಶ್ವಾಸಕೋಶ ಕಂಡರೆ ಅದು ಬ್ರಾಂಕಿಯಲ್ ಅಟ್ರೀಸಿಯಾ. ಎಡ ಮೇಲ್ಹಾಲೆ ಇದರ ಮೆಚ್ಚಿನ ಜಾಗ. ಗಾಳಿ ಸಿಕ್ಕಿಕೊಂಡ ಜಾಗ ಕಾಣಲು ಮಿನಿಪ್ ಚಿತ್ರ (ಪದರಗಳ ಅತಿ ಕಪ್ಪು ಬಿಂದುಗಳನ್ನೇ ಒಂದುಗೂಡಿಸಿದ್ದು) ಒಳ್ಳೆಯದು. ವಿಂಡೋವನ್ನು (ಪರದೆ ತೋರಿಸುವ ಕಪ್ಪು-ಬಿಳುಪಿನ ವ್ಯಾಪ್ತಿಯನ್ನು) ಅಗಲ 1500, ಮಟ್ಟ ಮೈನಸ್ 600ರ ಆಸುಪಾಸಿಗೆ ಇಟ್ಟು ಆಚೀಚೆ ಆಡಿಸುತ್ತ ನೋಡಿ.

ಆಮೇಲೆ ಅಪಧಮನಿ. ಇಲ್ಲಿ ಅವಸರ ಬೇಡ. ಕರೋನಲ್ (ಎದುರಿನಿಂದ ನೋಡುವ) ದಿಕ್ಕಿನಲ್ಲಿ 5ರಿಂದ 10 ಮಿ.ಮೀ. ದಪ್ಪದ ಮಿಪ್ (ಪದರಗಳ ಅತಿ ಬಿಳಿ ಬಿಂದುಗಳನ್ನೇ ಒಂದುಗೂಡಿಸಿದ ಚಿತ್ರ) ಇಟ್ಟು ಮಹಾಪಧಮನಿಯನ್ನು ಮೇಲಿಂದ ಕೆಳಗೆ ಸವರಿ, ಮತ್ತೆ ತೆಳು ಪದರಗಳಲ್ಲಿ ಖಚಿತಪಡಿಸಿಕೊಳ್ಳಿ. ಒಂದು ನಾಳ ಸಿಕ್ಕಿತೆಂದು ನಿಲ್ಲಬೇಡಿ, ಎರಡು ಮೂರು ಇರುವುದುಂಟು. ಪ್ರತಿಯೊಂದಕ್ಕೂ ಎಲ್ಲಿಂದ ಹೊರಟಿತು, ಯಾವ ಬೆನ್ನೆಲುಬಿನ ಮಟ್ಟ, ಎಷ್ಟು ದಪ್ಪ, ವಪೆಯನ್ನು ದಾಟಿದೆಯೇ ಎಂದು ಗುರುತುಹಾಕಿಕೊಳ್ಳಿ.

ಅಭಿಧಮನಿ ಬಹಳ ವರದಿಗಳಲ್ಲಿ ಅನಾಥವಾಗಿ ಉಳಿಯುತ್ತದೆ. ರಕ್ತ ಶ್ವಾಸಕೋಶದ ಅಭಿಧಮನಿಯ ಮೂಲಕ ಎಡ ಹೃತ್ಕರ್ಣಕ್ಕೆ ಹೋಗುತ್ತಿದ್ದರೆ ಇಂಟ್ರಾಲೋಬಾರ್ (ಹಾಲೆಯೊಳಗಿನ) ಸೀಕ್ವೆಸ್ಟ್ರೇಶನ್ ಕಡೆಗೆ ಒಲವು. ನಾಲ್ಕರಲ್ಲಿ ಮೂರು ಪಾಲು ಈ ಜಾತಿಯವು. ಬೆನ್ನೆಲುಬಿನ ಪಕ್ಕದ ಅಜೈಗಸ್, ಹೆಮಿಅಜೈಗಸ್ ಅಭಿಧಮನಿಗಳಿಗೆ ಅಥವಾ ಕೆಳ ಮಹಾಭಿಧಮನಿಗೆ ಹೋಗುತ್ತಿದ್ದು, ತನ್ನದೇ ಪ್ಲೂರಾ (ಶ್ವಾಸಕೋಶದ ಹೊರಪೊರೆ) ಹೊದ್ದಿದ್ದರೆ ಎಕ್ಸ್‌ಟ್ರಾಲೋಬಾರ್, ಅಂದರೆ ಹಾಲೆಯ ಹೊರಗಿನದು. ಇದು ಹತ್ತರಲ್ಲಿ ಒಂದರಷ್ಟು ವಪೆಯ ಕೆಳಗೆ ಇರುತ್ತದೆ, ಅಡ್ರಿನಲ್ ಗಂಟೆಂದು, ನ್ಯೂರೋಬ್ಲಾಸ್ಟೋಮಾ (ಮಕ್ಕಳ ಒಂದು ಕ್ಯಾನ್ಸರ್) ಎಂದು ದಾರಿ ತಪ್ಪಿಸುತ್ತದೆ. ಬಲ ಶ್ವಾಸಕೋಶ ಚಿಕ್ಕದಾಗಿ, ಹೃದಯ ಬಲಕ್ಕೆ ಸರಿದು, ಬಾಗಿದ ಕತ್ತಿಯಂಥ ನಾಳವೊಂದು ಕೆಳ ಮಹಾಭಿಧಮನಿಗೆ ಇಳಿದಿದ್ದರೆ ಸಿಮಿಟಾರ್ ಸಿಂಡ್ರೋಮ್. ಆಗ ಹೃದಯದ ಎಕೋ ಕೂಡ ಬೇಕು.

ಕೊನೆಗೆ ಅಂಗಾಂಶ. ಅತಿ ದೊಡ್ಡ ಗುಳ್ಳೆಯ ಅಳತೆ, ಗೋಡೆಯ ದಪ್ಪ, ಒಳಗೆ ಗಾಳಿಯೋ ನೀರೋ, ಎಷ್ಟು ಹಾಲೆಗಳಲ್ಲಿದೆ. ಸ್ಟಾಕರ್ ವಿಂಗಡಣೆಯಲ್ಲಿ 2 ಸೆಂ.ಮೀ. ಮೀರಿದ ಗುಳ್ಳೆಗಳು 1ನೇ ಬಗೆ, ಅದಕ್ಕಿಂತ ಚಿಕ್ಕವು 2ನೇ ಬಗೆ, ಗಟ್ಟಿ ಮಾಂಸದಂತೆ ಕಾಣುವಷ್ಟು ಸಣ್ಣವು 3ನೇ ಬಗೆ. ಆದರೆ ಇದು ಸೂಕ್ಷ್ಮದರ್ಶಕದ ಕೆಳಗೆ ನೋಡುವವರ ವಿಂಗಡಣೆ. ವರದಿಯಲ್ಲಿ ಬಗೆಯ ಸಂಖ್ಯೆಗಿಂತ ಅಳತೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎದೆಯ ನಡುವೆ, ಶ್ವಾಸನಾಳ ಕವಲೊಡೆಯುವ ಜಾಗದ ಹತ್ತಿರ ದುಂಡನೆಯ ಗಂಟಿದ್ದರೆ ಬ್ರಾಂಕೋಜೆನಿಕ್ ಸಿಸ್ಟ್ ನೆನಪಾಗಲಿ. ಒಳಗಿನ ನೀರು ತಿಳಿಯಾಗಿದ್ದರೆ 0–20 ಹೌನ್ಸ್‌ಫೀಲ್ಡ್ (ಸಿಟಿಯಲ್ಲಿ ಸಾಂದ್ರತೆಯ ಮಾನ), ಪ್ರೋಟೀನ್ ತುಂಬಿ ಗಟ್ಟಿಯಾಗಿದ್ದರೆ 40–50 ದಾಟಿ ಮಾಂಸದ ಗಂಟಿನಂತೆಯೇ ಕಾಣುತ್ತದೆ. ಕಾಂಟ್ರಾಸ್ಟ್‌ಗೆ ಮೊದಲಿನ ಚಿತ್ರ ನಮ್ಮಲ್ಲಿ ಇಲ್ಲದಿರುವುದರಿಂದ ಅದು ಬೆಳಗಿತೋ ಇಲ್ಲವೋ ಹೇಳಲಾಗದು. ಅದಕ್ಕಾಗಿ ಸಿಟಿಯನ್ನು ಮತ್ತೆ ಮಾಡಬೇಡಿ, ಟಿ2 ಎಂಆರ್‌ಐಯಲ್ಲಿ ಅದು ನೀರಿನಷ್ಟೇ ಬೆಳ್ಳಗೆ ಹೊಳೆಯುತ್ತದೆ.

ಸಿಪ್ಯಾಮ್ ಅಲ್ಲದಿದ್ದರೆ?

ಪ್ಲೂರೋಪಲ್ಮನರಿ ಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಆರಂಭದಲ್ಲಿ ಬರೀ ಗುಳ್ಳೆಗಳಾಗಿಯೇ ಇರುತ್ತದೆ. ಆ ಹಂತದಲ್ಲಿ ಸಿಟಿ ನೋಡಿ ಇದು ಅದೇ ಅಲ್ಲ ಎಂದು ಪ್ರಮಾಣ ಮಾಡಲು ಯಾರಿಂದಲೂ ಆಗದು. ಒಲವನ್ನು ಮಾತ್ರ ಹೇಳಬಹುದು. ಗರ್ಭದಲ್ಲೇ ಕಂಡದ್ದು, ಮಹಾಪಧಮನಿಯ ನಾಳ ಇರುವುದು, ಸುತ್ತಲಿನ ಶ್ವಾಸಕೋಶ ಉಬ್ಬಿರುವುದು ಇವು ಸಿಪ್ಯಾಮ್ ಪರ. ಗರ್ಭದ ಸ್ಕ್ಯಾನ್ ಸರಿಯಿದ್ದು ಆಮೇಲೆ ಕಂಡ ಗುಳ್ಳೆ, ಎರಡೂ ಕಡೆ ಅಥವಾ ಹಲವು ಭಾಗಗಳಲ್ಲಿ ಹರಡಿದ್ದು, ಕಾರಣವಿಲ್ಲದೆ ನ್ಯೂಮೋಥೊರಾಕ್ಸ್ ಆಗಿದ್ದು, ಗುಳ್ಳೆಯೊಳಗೆ ಗಟ್ಟಿ ಭಾಗ, ಮನೆಯಲ್ಲಿ ಡೈಸರ್1 ಜೀನಿನ ದೋಷ, ಇವುಗಳಲ್ಲಿ ಒಂದಿದ್ದರೂ ಹೆಸರೆತ್ತಿ ಬರೆಯಿರಿ. ಹಳೆಯ ಎಕ್ಸ್-ರೇಗಳನ್ನು ತರಿಸಿ ನೋಡುವುದು ಇನ್ನೊಂದು ಕಾರಣಕ್ಕೂ ಬೇಕು: ನ್ಯುಮೋನಿಯಾದ ನಂತರ ಹುಟ್ಟಿದ ನ್ಯೂಮಟೋಸೀಲ್ ಹಳೆಯ ಚಿತ್ರದಲ್ಲಿ ಇರುವುದಿಲ್ಲ, ವಾರಗಳು ಕಳೆದಂತೆ ಕುಗ್ಗುತ್ತ ಹೋಗುತ್ತದೆ.

ವರದಿ

ಸರ್ಜನ್ ಹುಡುಕುವ ವಾಕ್ಯ ಹೀಗಿರಬೇಕು: ‘ಎಡ ಕೆಳಹಾಲೆಯ ಹಿಂದಿನ ತಳಭಾಗದಲ್ಲಿ 3.2 × 2.8 × 2.5 ಸೆಂ.ಮೀ. ಅಳತೆಯ, ಗಾಳಿ ತುಂಬಿದ ಬಹುಗುಳ್ಳೆಗಳ ಗಂಟು. ಅತಿ ದೊಡ್ಡ ಗುಳ್ಳೆ 1.4 ಸೆಂ.ಮೀ. ಟಿ10 (ಎದೆಯ 10ನೇ ಬೆನ್ನೆಲುಬು) ಮಟ್ಟದಲ್ಲಿ ಇಳಿಯುವ ಮಹಾಪಧಮನಿಯ ಎಡಬದಿಯಿಂದ 3 ಮಿ.ಮೀ. ದಪ್ಪದ ಒಂದೇ ಅಪಧಮನಿ, ವಪೆಯನ್ನು ದಾಟಿಲ್ಲ. ರಕ್ತ ಎಡ ಕೆಳ ಶ್ವಾಸಕೋಶ ಅಭಿಧಮನಿಗೆ ಸೇರುತ್ತದೆ. ಮುಖ್ಯ ಶ್ವಾಸನಾಳದೊಂದಿಗೆ ಸಂಪರ್ಕ ಕಂಡಿಲ್ಲ. ಗಟ್ಟಿ ಭಾಗ ಇಲ್ಲ.’ ಇಷ್ಟಾದ ಮೇಲೆ ಹೆಸರು: ‘ಹೈಬ್ರಿಡ್ ದೋಷ, ಸಿಪ್ಯಾಮ್ ಮತ್ತು ಇಂಟ್ರಾಲೋಬಾರ್ ಸೀಕ್ವೆಸ್ಟ್ರೇಶನ್.’ ಅಪಧಮನಿಯ ಮಿಪ್ ಚಿತ್ರ ಒಂದನ್ನು, ಬಾಣದ ಗುರುತಿನೊಂದಿಗೆ, ಬೇರೆಯಾಗಿ ಉಳಿಸಿ ಕಳಿಸಿ. ಆಪರೇಷನ್ ಕೋಣೆಯ ಪರದೆಯ ಮೇಲೆ ತೆರೆದಿಡುವುದು ಆ ಚಿತ್ರವನ್ನೇ.